ಬೆರಳಮ್ಮನ ನೀಲಿ ದಾರ

ಜಗತ್ತಿನ ಬಹುಪಾಲು ಶಾರ್ಡನೇ ಬಳ್ಳಿಗಳು ಸ್ವಂತ ಬೇರಿನ ಮೇಲೆ ನಿಂತಿಲ್ಲ. ಬಿಳಿ ವೈನಿನ ದ್ರಾಕ್ಷಿಗಳಲ್ಲಿ ಇಷ್ಟು ಹೆಸರು ಮಾಡಿದ್ದು ಇನ್ನೊಂದು ಸಿಗುವುದು ಕಷ್ಟ. ಆದರೆ ಅದರ ಕಾಲ ಕೆಳಗಿರುವುದು ಯಾವುದೋ ಕಾಡುಬಳ್ಳಿಯ ಬೇರು. ಒಂದೂವರೆ ಶತಮಾನದ ಹಿಂದೆ ಅಮೆರಿಕದಿಂದ ಹಡಗು ಹತ್ತಿ ಬಂದ ಸಾಸಿವೆಗಿಂತ ಸಣ್ಣ ಹೇನೊಂದು ಯುರೋಪಿನ ದ್ರಾಕ್ಷಿತೋಟಗಳ ಬೇರು ಹೀರಿ ಎಲ್ಲವನ್ನೂ ಮಣ್ಣುಪಾಲು ಮಾಡಿತು. ಅದಕ್ಕೆ ಜಗ್ಗದೆ ನಿಂತದ್ದು ಅದರ ಊರಿನದೇ ಕಾಡುಬಳ್ಳಿಗಳು. ಅಂದಿನಿಂದ ಕೆಳಗೆ ಕಾಡು, ಮೇಲೆ ಕುಲೀನ, ನಡುವೆ ಒಂದು ಕಸಿ. ಆ ಕಸಿಯ ಹಿಂದೆ ಒಂದು ಕೈ ಇದ್ದೇ ಇರುತ್ತದೆ. ಲೋಟವನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ತಲೆದೂಗುವವರಿಗೆ ಇಷ್ಟಾದರೂ ಗೊತ್ತಿರಬೇಕಿತ್ತು.

ಅಂಥ ಕೈಗಳಲ್ಲಿ ಒಂದು ಬೆರಳಮ್ಮನದು. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿದೆ. ಆಕೆ ಮೂವತ್ತೊಂದು ವರ್ಷದಿಂದ ಒಂದು ದ್ರಾಕ್ಷಿತೋಟದ ಕಸಿಮನೆಯಲ್ಲಿ ಕಿಟಕಿಯ ಪಕ್ಕದ ಮೂರನೆಯ ಸ್ಟೂಲಿನ ಮೇಲೆ ಕೂತವಳು. ಸ್ಟೂಲಿನ ಒಂದು ಕಾಲು ಗಿಡ್ಡ, ಅದರಡಿ ಮಡಚಿಟ್ಟ ರಟ್ಟು. ರಟ್ಟು ಹನ್ನೆರಡು ಸಲ ಬದಲಾಗಿದೆ, ಸ್ಟೂಲು ಬದಲಾಗಿಲ್ಲ. ಉದ್ದನೆಯ ಮೇಜಿನ ಮೇಲೆ ಸತುವಿನ ತಗಡು ಹೊದಿಸಿದೆ. ಆ ತುದಿಯಲ್ಲಿ ಮೇಣದ ಪಾತ್ರೆ ಸಣ್ಣಗೆ ಕುದಿಯುತ್ತಿರುತ್ತದೆ, ಈ ತುದಿಯಲ್ಲಿ ಒದ್ದೆ ಮರದ ಹೊಟ್ಟು ತುಂಬಿದ ಪೆಟ್ಟಿಗೆಗಳು. ಚಳಿಗಾಲ ಪೂರ್ತಿ ಹೆಂಗಸರು ಅಲ್ಲಿ ಕೂತು ಪೆನ್ಸಿಲ್ ದಪ್ಪದ ಒಣಗಿದಂತೆ ಕಾಣುವ ಕಡ್ಡಿಗಳನ್ನು ಕೊಯ್ಯುತ್ತಾರೆ. ಬೇರಿನ ಕಡ್ಡಿಗೊಂದು ಓರೆ ಕೊಯ್ತ, ಮೇಲಿನ ಕಡ್ಡಿಗೊಂದು ಓರೆ ಕೊಯ್ತ, ಎರಡರಲ್ಲೂ ಒಂದೊಂದು ನಾಲಿಗೆ. ನಾಲಿಗೆಯೊಳಗೆ ನಾಲಿಗೆ ಸಿಕ್ಕಿಸಿ ಒತ್ತಿದರೆ ಕೂದಲು ತೂರುವಷ್ಟೂ ಸಂದಿ ಉಳಿಯಬಾರದು. ಉಳಿದರೆ ಆ ಗಿಡ ಸತ್ತ ಹಾಗೆ. ಸೇರಿಸಿದ್ದನ್ನು ಮೇಣದಲ್ಲಿ ಅದ್ದಿ, ಹೊಟ್ಟಿನಲ್ಲಿ ಹೂತು, ಬೆಚ್ಚನೆಯ ಕೋಣೆಯಲ್ಲಿ ಮೂರು ವಾರ ಇಟ್ಟರೆ ಗಾಯದ ಸುತ್ತ ಬಿಳಿ ಮಾಂಸ ಬೆಳೆದು ಎರಡು ಜೀವ ಒಂದಾಗುತ್ತದೆ.

ನೂರು ಕಸಿಗೆ ಒಂದು ಕಟ್ಟು. ಪ್ರತಿ ಕಟ್ಟಿಗೂ ಕಟ್ಟಿದವಳ ಬಣ್ಣದ ದಾರ. ಬೆರಳಮ್ಮನದು ನೀಲಿ, ಪಕ್ಕದ ಸ್ಟೂಲಿನಲ್ಲಿ ಕೂರುವ ಅವಳ ನಾದಿನಿಯದು ಹಳದಿ. ಈ ದಾರ ಹೊಗಳಲಿಕ್ಕೆ ಇಟ್ಟದ್ದಲ್ಲ. ಗಿಡ ಸತ್ತರೆ ಯಾರನ್ನು ಬಯ್ಯಬೇಕು ಎಂದು ತಿಳಿಯಲಿಕ್ಕೆ ಇಟ್ಟದ್ದು. ಚಿಗುರಿದ ಕಟ್ಟಿನ ದಾರವನ್ನು ಯಾರೂ ನೋಡುವುದಿಲ್ಲ.

ಬೆರಳಮ್ಮನ ನೀಲಿಯನ್ನು ಬಯ್ಯಲು ನೋಡಿದವರು ಕಡಿಮೆ. ಬೇರೆಯವರ ಕಟ್ಟಿನಲ್ಲಿ ನೂರಕ್ಕೆ ಇಪ್ಪತ್ತು ಸಾಯುತ್ತಿದ್ದ ವರ್ಷವೂ ಅವಳದರಲ್ಲಿ ಆರೋ ಏಳೋ. ಅಷ್ಟೇ ಆಗಿದ್ದರೆ ಆ ಹೆಸರು ಬರುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕಡ್ಡಿ ಸವರಿ ತಳಿ ಹೇಳುವ ವಿದ್ಯೆಯೊಂದು ಅವಳಿಗಿತ್ತು. ಗಿಣ್ಣಿನ ಉಬ್ಬು, ಗಿಣ್ಣಿನಿಂದ ಗಿಣ್ಣಿಗೆ ಇರುವ ದೂರ, ತೊಗಟೆಯ ಗೀರು ಇಷ್ಟನ್ನೇ ಹಿಡಿದು ತೋಟದ ಹದಿನಾಲ್ಕು ತಳಿಗಳನ್ನು ಆಕೆ ಹೇಳುತ್ತಿದ್ದಳು. ಇದು ತೋಟದ ಯಜಮಾನನ ಕಿವಿಗೆ ಬಿದ್ದಿದ್ದೇ ತಡ, ಅತಿಥಿಗಳು ಬಂದಾಗಲೆಲ್ಲ ಕಸಿಮನೆಗೆ ಮೆರವಣಿಗೆ. ಯಜಮಾನ ಜೇಬಿನಿಂದ ಕರವಸ್ತ್ರ ತೆಗೆದು ತಾನೇ ಅವಳ ಕಣ್ಣಿಗೆ ಕಟ್ಟುತ್ತಿದ್ದ. ಕೈಗೊಂದು ಕಡ್ಡಿ ಕೊಡುತ್ತಿದ್ದ. ಆಕೆ ಹೇಳಿದೊಡನೆ ಚಪ್ಪಾಳೆ. ಮೂವತ್ತು ವರ್ಷ ದುಡಿದ ಹೆಂಗಸಿಗೆ ಒಂದು ಒಳ್ಳೆಯ ಕುರ್ಚಿ ಕೊಡದವರು ಚಪ್ಪಾಳೆಯನ್ನು ಮಾತ್ರ ಧಾರಾಳವಾಗಿ ಕೊಟ್ಟರು. ಆದರೆ ಆ ಚಪ್ಪಾಳೆ ಅವಳಿಗೆ ರುಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ರುಚಿಸಿತು. ತಪ್ಪು ಹುಟ್ಟಿದ್ದು ಅಲ್ಲಿಯೇ.

ಅದೊಂದು ಮಳೆ ಸೇರಿದ ಚಳಿಗಾಲ. ತಾಯಿಬಳ್ಳಿಗಳಿಂದ ಕತ್ತರಿಸಿ ತಂದ ಕಡ್ಡಿಗಳ ಎರಡು ರಾಶಿ ತಣ್ಣನೆ ಕೋಣೆಯಲ್ಲಿತ್ತು. ಒಂದು ಶಾರ್ಡನೇ, ಇನ್ನೊಂದು ಅದರ ಪಕ್ಕದ ಹಳೆ ಸಾಲುಗಳ ಪಿನೋ ಬ್ಲಾಂ. ಅದೂ ಬಿಳಿ ದ್ರಾಕ್ಷಿಯೇ. ನೀರು ನುಗ್ಗಿ ಎರಡರ ಕಾಗದದ ಚೀಟಿಯೂ ಮುದ್ದೆಯಾಗಿತ್ತು. ಮೇಸ್ತ್ರಿ ಎರಡೂ ರಾಶಿಯಿಂದ ಒಂದೊಂದು ಕಡ್ಡಿ ಹಿಡಿದುಕೊಂಡು ಬಂದ.

"ಬೆರಳಮ್ಮ, ಇದರಲ್ಲಿ ಶಾರ್ಡನೇ ಯಾವುದು ಹೇಳಿಬಿಡು. ಪಂಪಿನ ಮನೆ ಹಿಂದಿನ ಇಳಿಜಾರಿಗೆ ಎರಡು ಸಾವಿರದ ಆರು ನೂರು ಗಿಡ ಬೇಕಂತೆ."

ನಾದಿನಿ ಚಾಕು ಒರೆಸುತ್ತಾ ಹೇಳಿದಳು, "ಅತ್ತಿಗೆ, ಎರಡು ಕಡ್ಡಿ ನೀರಲ್ಲಿಟ್ಟು ಬೆಚ್ಚಗಿನ ಕೋಣೇಲಿ ಇಡೋಣ. ಎರಡು ವಾರಕ್ಕೆ ಚಿಗುರು ಬರುತ್ತೆ, ಎಲೆ ನೋಡಿದ್ರೆ ಆಯ್ತು."

"ನನ್ನ ಬೆರಳಿಗಿಂತ ನಿನ್ನ ನೀರು ಹೆಚ್ಚೇನೇ?"

"ಹೆಚ್ಚು ಅಂತ ನಾನೆಲ್ಲಿ ಅಂದೆ? ನೀರಿಗೆ ಜಂಬ ಇರಲ್ಲ ಅಂದೆ ಅಷ್ಟೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆ ನಗುವೇ ಮುಳುವಾಯಿತು. ಬೆರಳಮ್ಮ ಎರಡೂ ಕಡ್ಡಿಗಳನ್ನು ಸವರಿದಳು. ಎರಡೂ ಒಂದೇ ಥರ ಇದ್ದವು. ಹಾಗೆಂದು ಹೇಳಬೇಕಿತ್ತು, ಹೇಳಲಿಲ್ಲ. ಎಡಗೈಯದನ್ನು ಮೇಜಿನ ಮೇಲೆ ಕುಕ್ಕಿ "ಇದು" ಅಂದಳು. ಆ ರಾಶಿ ಮೇಜಿಗೆ ಬಂತು. ಇನ್ನೊಂದು ರಾಶಿ ಬೇಡವಾದ ಸೌದೆಯ ಲೆಕ್ಕಕ್ಕೆ ಹೋಗಿ ಮೇಣದ ಪಾತ್ರೆಯ ಕೆಳಗೆ ಉರಿಯಿತು. ಸಾಯುವವುಗಳ ಲೆಕ್ಕವೂ ಸೇರಿ ಇಪ್ಪತ್ತೆಂಟು ಕಟ್ಟು, ಅಷ್ಟಕ್ಕೂ ನೀಲಿ ದಾರ.

ಸಸಿಪಾತಿಯಲ್ಲಿ ಎಲೆ ಬಿಟ್ಟಾಗ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಅಲ್ಲಿ ಗಿಡಕ್ಕೆ ಗಿಡ ಅಂಟಿಕೊಂಡಿರುತ್ತದೆ, ಎಲೆಗಳೆಲ್ಲ ತಾಮ್ರದ ಔಷಧಿ ಬಿದ್ದು ನೀಲಿ ಹಿಡಿದಿರುತ್ತವೆ. ಅದಕ್ಕಿಂತ ದೊಡ್ಡ ಕಾರಣ, ಖಾತ್ರಿಯಾಗಿ ಗೊತ್ತಿದೆ ಎಂದುಕೊಂಡದ್ದನ್ನು ಯಾರೂ ಬಗ್ಗಿ ನೋಡುವುದಿಲ್ಲ. ಬೆರಳಮ್ಮ ಹೇಳಿದ ಮೇಲೆ ಇನ್ನೇನು ನೋಡುವುದು?

ಇಳಿಜಾರಿನಲ್ಲಿ ನೆಟ್ಟ ಮೂರನೆಯ ಬೇಸಿಗೆ ಮೊದಲ ಫಸಲು. ಗೊಂಚಲಿಗೆ ಗಾಳಿ ಬೆಳಕು ಆಡಲೆಂದು ಬುಡದ ಎಲೆಗಳನ್ನು ಕೀಳಲು ಕಸಿಮನೆಯ ಹೆಂಗಸರನ್ನೂ ಕರೆದರು. ಶಾರ್ಡನೇ ಮುದ್ದಿನ ಕೂಸಿನಂಥ ಬಳ್ಳಿ. ಎಲ್ಲರಿಗಿಂತ ಮೊದಲು ಕಣ್ಣು ಬಿಟ್ಟು ವಸಂತದ ಮಂಜಿಗೆ ಚಿಗುರು ಸುಟ್ಟುಕೊಳ್ಳುತ್ತದೆ. ಬಿಟ್ಟರೆ ಕಾಡಿನಂತೆ ಎಲೆ ಹಬ್ಬಿಸುತ್ತದೆ. ಹಣ್ಣಾದ ಮೇಲೆ ನಾಲ್ಕು ದಿನ ತಡವಾದರೆ ಹುಳಿ ಇಳಿದು ಸಪ್ಪೆಯಾಗುತ್ತದೆ. ಆದರೂ ಸುಣ್ಣದ ಮಣ್ಣು, ಜೇಡಿ, ಕಲ್ಲು ಎಲ್ಲಿ ನೆಟ್ಟರೂ ಬರುತ್ತದೆ. ಅದಕ್ಕೇ ಲೋಕವೆಲ್ಲ ಹಬ್ಬಿದೆ.

ಬೆರಳಮ್ಮ ಎರಡನೆಯ ಸಾಲಿನಲ್ಲಿ ಒಂದು ಎಲೆ ಕಿತ್ತಳು, ಅಭ್ಯಾಸಬಲದಿಂದ ಮಗುಚಿದಳು. ಬಿಸಾಡದೆ ಬಿಸಿಲಿಗೆ ಹಿಡಿದಳು.

ದ್ರಾಕ್ಷಿ ಎಲೆಯ ತೊಟ್ಟು ಸೇರುವಲ್ಲಿ ಒಂದು ಕೊರಕಲು ಇರುತ್ತದೆ. ಶಾರ್ಡನೇಯಲ್ಲಿ ಆ ಕೊರಕಲಿನ ಬುಡದ ಅಂಚಿಗೆ ಹಸಿರಿಲ್ಲ, ನರವೇ ಬೆತ್ತಲೆಯಾಗಿ ಅಂಚಾಗಿ ನಿಂತಿರುತ್ತದೆ, ಸೆರಗಿಲ್ಲದ ಸೀರೆಯ ಹಾಗೆ. ಈ ಎಲೆಯಲ್ಲಿ ಹಸಿರು ನರವನ್ನು ಮುಚ್ಚಿ ತೊಟ್ಟಿನವರೆಗೂ ಬಂದಿತ್ತು. ಆಕೆ ಪಕ್ಕದ ಬಳ್ಳಿ ನೋಡಿದಳು, ಅದರ ಪಕ್ಕದ್ದು, ಸಾಲಿನ ಕೊನೆಯದು. ಎಲ್ಲವೂ ಮೈ ಮುಚ್ಚಿಕೊಂಡು ನಿಂತಿದ್ದವು. ಪಿನೋ ಬ್ಲಾಂ.

ನಾದಿನಿಗೆ ಎಲೆ ತೋರಿಸಿದಳು. ನಾದಿನಿ ನೋಡಿದಳು, ಬುಟ್ಟಿ ಕೆಳಗಿಟ್ಟು ಹೇಳಿದಳು, "ಅಪ್ಪನ್ನ ಹಿಡ್ಕೊಂಡು ಮಗ ಅಂದ್ಬಿಟ್ಟೆ ಅತ್ತಿಗೆ. ನೆಂಟಸ್ತಿಕೆ ಏನೂ ಕೆಟ್ಟಿಲ್ಲ ಬಿಡು."

ಅದು ತಮಾಷೆ ಮಾತ್ರವಲ್ಲ, ನಿಜವೂ ಹೌದು. ಶಾರ್ಡನೇ ಹುಟ್ಟಿದ್ದು ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಎನ್ನುತ್ತಾರೆ. ನೂರಾರು ವರ್ಷ ಅದನ್ನು ಪಿನೋ ಮನೆತನದ ಕುಡಿ ಎಂದೇ ಮೆರೆಸಿದರು. ಅದನ್ನೂ ಪಿನೋ ಬ್ಲಾಂ ಅನ್ನೂ ಓದಿದವರೇ ಬೇರ್ಪಡಿಸಲಾರದೆ ಒಂದೇ ತೋಟದಲ್ಲಿ ಕಲಸಿ ನೆಟ್ಟರು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ವಿಜ್ಞಾನಿಗಳು ಬಳ್ಳಿಯ ವಂಶವಾಹಿ ಬಿಡಿಸಿ ನೋಡಿದಾಗ ಅಪ್ಪ ಪಿನೋ ಎಂಬುದೇನೋ ಹೌದಾಯಿತು, ಪಿನೋ ಬ್ಲಾಂ ಅದರದೇ ಬಿಳಿ ರೂಪ. ಅಮ್ಮ ಯಾರು? ಗೂಯೆ ಬ್ಲಾಂ. ಬಡ ರೈತರು ಕೆಟ್ಟ ನೆಲದಲ್ಲಿ ಬೆಳೆದುಕೊಳ್ಳುತ್ತಿದ್ದ, ನೀರಸವೆಂದು ದೊಡ್ಡವರು ಉಗಿದು, ಕಿತ್ತೆಸೆಯಿರೆಂದು ಮತ್ತೆ ಮತ್ತೆ ಆಜ್ಞೆ ಹೊರಡಿಸಿದ್ದ ದ್ರಾಕ್ಷಿ. ಬೇಲಿಯ ಪಕ್ಕದಲ್ಲಿ ಆ ಅಮ್ಮ ಇಲ್ಲದಿದ್ದರೆ ಈ ಮಗುವೇ ಇಲ್ಲ. ಮಗುವಿನ ಹೆಸರಲ್ಲಿ ಅರಮನೆಯಂಥ ಮನೆ ಕಟ್ಟಿಸಿಕೊಂಡವರು ಅಮ್ಮನ ಹೆಸರನ್ನು ಇಂದಿಗೂ ಬಾಟಲಿಯ ಮೇಲೆ ಬರೆಯುವುದಿಲ್ಲ.

ಬೆರಳಮ್ಮ ಆ ದಿನವೇ ಮೇಸ್ತ್ರಿಗೆ ಹೇಳಿದಳು. ಮೇಸ್ತ್ರಿ ಸುತ್ತ ನೋಡಿ ದನಿ ತಗ್ಗಿಸಿದ.

"ಯಾರಿಗಾದ್ರೂ ಹೇಳಿದ್ಯಾ?"

"ನಾದಿನಿಗೆ."

"ಅವಳಿಗೆ ಹೇಳಿದ್ರೆ ಡಂಗುರ ಹೊಡೆಸಿದ ಹಾಗೆ. ಹೋಗ್ಲಿ, ಇನ್ಯಾರಿಗೂ ಬೇಡ."

ಅವಳು ಎಲೆ ಹಿಡಿದುಕೊಂಡು ಯಜಮಾನನ ಬಳಿಗೇ ಹೋದಳು. ಆತನ ಕಚೇರಿಯ ಮೇಜಿನ ಮೇಲೆ ಹೊಸ ಬಾಟಲಿಗೆ ಅಂಟಿಸಲು ಅಚ್ಚಾಗಿ ಬಂದ ಚೀಟಿಗಳಿದ್ದವು. ಇಳಿಜಾರಿನ ಶಾರ್ಡನೇ ಎಂದು ಬಂಗಾರದ ಅಕ್ಷರ. ಆತ ಎಲೆಯನ್ನು ನೋಡಿದ, ಚೀಟಿಯನ್ನು ನೋಡಿದ.

"ಕುಡಿಯೋರಿಗೆ ವ್ಯತ್ಯಾಸ ಗೊತ್ತಾಗುತ್ತಾ?"

"ನನಗೇ ಗೊತ್ತಾಗಲ್ಲ. ಹಣ್ಣು ತಿಂದು ನೋಡ್ದೆ. ಹೆಚ್ಚುಕಮ್ಮಿ ಒಂದೇ."

"ಮತ್ತೆ?"

"ಅದು ಅದಲ್ಲವಲ್ಲ ಯಜಮಾನ್ರೇ."

"ನೋಡಮ್ಮ, ಇದು ಹೊರಗೆ ಬಂದ್ರೆ ಮೊದಲು ಹೋಗೋದು ನಿನ್ನ ಹೆಸರು. ಬೆರಳಮ್ಮನ ಬೆರಳು ತಪ್ಪಿತು ಅಂತಾರೆ. ಆ ಸ್ಟೂಲಿನ ಮೇಲೆ ಮತ್ತೆ ಕೂರಿಸೋದಕ್ಕೆ ನನಗೂ ಕಷ್ಟ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ತನ್ನ ಚೀಟಿಯನ್ನು ಉಳಿಸಿಕೊಳ್ಳಲು ಅವಳ ಹೆಸರನ್ನು ಅಡ್ಡ ಹಿಡಿದ. ಇಂಥ ಒಳ್ಳೆಯತನವನ್ನು ನಾವೆಲ್ಲ ಕಂಡಿದ್ದೇವೆ, ಕೆಲವರು ಮಾಡಿಯೂ ಇದ್ದೇವೆ. ಬೆರಳಮ್ಮ ಎಲೆ ಎತ್ತಿಕೊಂಡು ಹೊರಗೆ ಬಂದಳು. ಹೆದರಿದಳೇ? ಹೆದರಿದಳು. ಆ ಸ್ಟೂಲು ಬಿಟ್ಟರೆ ಅವಳಿಗೆ ಬೇರೆ ಜಾಗ ಇರಲಿಲ್ಲ, ಆ ಹೆಸರು ಬಿಟ್ಟರೆ ಬೇರೆ ಆಸ್ತಿಯೂ ಇರಲಿಲ್ಲ. ಮನೆಯಲ್ಲಿ ಗಂಡ ಎರಡು ಸಲ "ಏನಾಯ್ತು" ಎಂದು ಕೇಳಿದ, ಮೂರನೆಯ ಸಲ ಕೇಳದೆ ತಟ್ಟೆ ತೊಳೆದಿಟ್ಟ.

ಆದರೆ ಬಾಯಿ ಮುಚ್ಚಿಕೊಂಡ ಆ ಬೇಸಿಗೆಯಲ್ಲಿ ಆಕೆ ಒಂದು ಕೆಲಸ ಮಾಡಿದಳು. ನೀಲಿ ದಾರದ ಉಂಡೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಊಟದ ಬಿಡುವಿನಲ್ಲಿ ತಾಯಿಬಳ್ಳಿಗಳ ಸಾಲಿಗೆ ಹೋಗಿ, ಒಂದೊಂದರ ಎಲೆ ಮಗುಚಿ ನೋಡಿ, ನರ ಬೆತ್ತಲೆಯಿದ್ದ ಬಳ್ಳಿಗೆ ಮಾತ್ರ ದಾರ ಕಟ್ಟಿದಳು. ಎಲೆ ಉದುರಿದ ಮೇಲೆ ಎಲ್ಲ ಬಳ್ಳಿಯೂ ಒಂದೇ. ಎಲೆ ಇರುವಾಗಲೇ ಗುರುತು ಹಾಕಬೇಕು. ಯಾರೂ ಹೇಳಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಚಳಿಗಾಲದಲ್ಲಿ ದಾರವಿದ್ದ ಬಳ್ಳಿಗಳಿಂದಷ್ಟೇ ಕಡ್ಡಿ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ತಣ್ಣನೆ ಕೋಣೆಯ ಮೂಲೆಯಲ್ಲಿಟ್ಟಳು.

ಅಷ್ಟರಲ್ಲಿ ಇಳಿಜಾರಿನ ವೈನು ಪೀಪಾಯಿಯಲ್ಲಿ ಕೂತಿತ್ತು. ಒಂದು ಬೆಳಿಗ್ಗೆ ಅದರ ರುಚಿ ನೋಡಲು ಆರು ಜನ ವ್ಯಾಪಾರಿಗಳು ಬಂದರು. ಲೋಟ ತಿರುಗಿಸಿದರು, ಬೆಣ್ಣೆ ಅಂದರು, ವೆನಿಲಾ ಅಂದರು. ಬೆಣ್ಣೆ ದ್ರಾಕ್ಷಿಯದಲ್ಲ, ಚುರುಕು ಹುಳಿಯನ್ನು ಮೆತ್ತಗೆ ಮಾಡುವ ಎರಡನೆಯ ಹುದುಗಿನದು. ವೆನಿಲಾ ಓಕ್ ಮರದ ಪೀಪಾಯಿಯದು. ಶಾರ್ಡನೇ ತಾನಾಗಿ ಮೆಲುದನಿಯ ದ್ರಾಕ್ಷಿ. ತಂಪು ನೆಲದಲ್ಲಿ ಹಸಿರು ಸೇಬು, ನಿಂಬೆ ಎನ್ನುತ್ತದೆ. ಬಿಸಿಲು ನೆಲದಲ್ಲಿ ಮಾಗಿದ ಕರಬೂಜ, ಅನಾನಸು ಎನ್ನುತ್ತದೆ. ನೆಲ ಹೇಳಿಕೊಟ್ಟದ್ದನ್ನು, ಕೈ ತಿದ್ದಿದ್ದನ್ನು ಹಾಗೇ ಒಪ್ಪಿಸುವುದೇ ಅದರ ದೊಡ್ಡ ಗುಣ. ಬಂದವರಲ್ಲಿ ಬಿಳಿಗೂದಲಿನ ಒಬ್ಬ ವ್ಯಾಪಾರಿ ಹೆಂಗಸು ಮಾತ್ರ ಇನ್ನೊಂದು ಗುಟುಕು ಕುಡಿದು ನೋಡಿ ಲೋಟ ಕೆಳಗಿಟ್ಟಳು.

ಆಮೇಲೆ ಎಂದಿನಂತೆ ಕಸಿಮನೆಗೆ ಮೆರವಣಿಗೆ. ಯಜಮಾನ ಕರವಸ್ತ್ರ ತೆಗೆದ.

"ನಮ್ಮ ಬೆರಳಮ್ಮನ್ನ ನೋಡಿ. ಇಳಿಜಾರಿನ ಪ್ರತಿ ಗಿಡಾನೂ ಇವಳೇ ಕಟ್ಟಿದ್ದು."

ಕಣ್ಣಿಗೆ ಬಟ್ಟೆ ಬಿತ್ತು. ಕೈಗೆ ಕಡ್ಡಿ ಬಂತು. ಬೆರಳು ಗಿಣ್ಣಿನಿಂದ ಗಿಣ್ಣಿಗೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ನಾದಿನಿ ಚಾಕು ಕೆಳಗಿಟ್ಟಳು.

"ಗೊತ್ತಾಗ್ತಿಲ್ಲ" ಎಂದಳು ಬೆರಳಮ್ಮ.

ಯಜಮಾನ ನಕ್ಕ. "ಇವತ್ತು ತಮಾಷೆ ಮಾಡ್ತಾಳೆ."

"ತಮಾಷೆ ಅಲ್ಲ. ಶಾರ್ಡನೇ ಇರಬಹುದು, ಪಿನೋ ಬ್ಲಾಂ ಇರಬಹುದು. ಎಲೆ ಇಲ್ಲದೆ ಇವೆರಡನ್ನ ಬೇರೆ ಮಾಡೋಕೆ ನನ್ನ ಬೆರಳಿಗೆ ಬರಲ್ಲ. ಬರುತ್ತೆ ಅಂತ ನಾಲ್ಕು ವರ್ಷದ ಹಿಂದೆ ಇದೇ ಜಾಗದಲ್ಲಿ ಕೂತು ಹೇಳ್ದೆ. ನಾದಿನಿ ಬೇಡ ಅಂದ್ಲು, ಕೇಳಲಿಲ್ಲ. ಇಳಿಜಾರಲ್ಲಿರೋದು ಶಾರ್ಡನೇ ಅಲ್ಲ. ತಪ್ಪು ನನ್ನದು."

ಕರವಸ್ತ್ರವನ್ನು ತಾನೇ ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟಳು. ಮೇಜಿನ ಕೆಳಗಿನ ಹಳೆಯ ಪತ್ರಿಕೆಯ ಮಡಿಕೆಯಿಂದ ಒಣಗಿದ ಎರಡು ಎಲೆ ತೆಗೆದು ಬಿಳಿಗೂದಲಿನವಳ ಮುಂದೆ ಹಿಡಿದಳು. ಒಂದರ ನರ ಬೆತ್ತಲೆ, ಇನ್ನೊಂದರದು ಮುಚ್ಚಿತ್ತು.

ಯಜಮಾನನ ಮುಖ ಹುಳ್ಳಗಾಯಿತು. ಆ ಹೆಂಗಸು ಎಲೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು, "ಅದಕ್ಕೇ ಕೊನೇಲಿ ಬಾದಾಮಿ ಸಿಪ್ಪೆ ಥರ ಒಗರು ಬಂತು. ನನ್ನ ನಾಲಿಗೆ ಕೆಟ್ಟಿದೆ ಅಂದ್ಕೊಂಡೆ. ವೈನ್ ಚೆನ್ನಾಗಿದೆ ಯಜಮಾನ್ರೇ. ಅದು ಏನೋ ಅದನ್ನೇ ಚೀಟಿ ಮೇಲೆ ಬರೀರಿ, ನಾನು ತಗೋತೀನಿ. ಇಲ್ಲ ಅಂದ್ರೆ ಬೇಡ."

ಬಂಗಾರದ ಅಕ್ಷರದ ಚೀಟಿಗಳು ಹಾಗೇ ಉಳಿದವು, ವೈನು ತನ್ನ ನಿಜ ಹೆಸರಿನಲ್ಲೇ ಅವಳಿಗೆ ಹೋಯಿತು. ಬೆರಳಮ್ಮನನ್ನು ಅಂದೇ ಸ್ಟೂಲಿನಿಂದ ಎಬ್ಬಿಸಿ ಪೆಟ್ಟಿಗೆ ತೊಳೆಯಲು ಹಾಕಿದರು. ಆಕೆ ತೊಳೆದಳು. ಪೆಟ್ಟಿಗೆಗಳು ಅಷ್ಟು ಶುಭ್ರವಾಗಿ ಹಿಂದೆಂದೂ ಇರಲಿಲ್ಲ ಎಂದು ನಾದಿನಿ ಈಗಲೂ ರೇಗಿಸುತ್ತಾಳೆ.

ವಸಂತ ಬಂದಾಗ ಯಜಮಾನ ಕರೆಸಿದ. "ಕಿತ್ತು ಹೊಸದಾಗಿ ನೆಟ್ರೆ ಮತ್ತೆ ಮೂರು ವರ್ಷ. ಬೇರೆ ದಾರಿ ಇದ್ಯಾ?"

"ಬೇರು ಚೆನ್ನಾಗಿದೆ, ಕೀಳೋದು ಬೇಡ. ತಲೆ ಕತ್ತರಿಸಿ ಅದರ ಮೇಲೇ ಕಸಿ ಕಟ್ತೀನಿ. ಕಡ್ಡಿ ಸಿದ್ಧ ಇದೆ."

"ಎಲ್ಲಿಂದ ಬಂತು ಕಡ್ಡಿ?"

"ಬೇಸಿಗೇಲೇ ಗುರುತು ಹಾಕಿಟ್ಟಿದ್ದೆ."

ಆತನಿಗೆ ಹೊಗಳಲು ಬಾಯಿ ಬರಲಿಲ್ಲ. "ಸರಿ, ತಪ್ಪು ಮಾಡಿದವಳೇ ಸರಿಮಾಡು" ಎಂದ.

ಐದು ಹೆಂಗಸರು, ಹನ್ನೊಂದು ದಿನ. ಕಡ್ಡಿ ಕೂರಿಸುವ ಕೆಲಸ ಎಲ್ಲರೂ ಹಂಚಿಕೊಂಡರು. ಗರಗಸವನ್ನು ಮಾತ್ರ ಬೆರಳಮ್ಮ ಯಾರ ಕೈಗೂ ಕೊಡಲಿಲ್ಲ. "ನಾನು ಕೂರಿಸಿದ್ದನ್ನ ನಾನೇ ಇಳಿಸ್ತೀನಿ" ಅಂದಳು. ನಾಲ್ಕು ವರ್ಷ ಸಾಕಿದ ಎರಡು ಸಾವಿರದ ಆರು ನೂರು ಬಳ್ಳಿಗಳ ತಲೆಯನ್ನು ಮಂಡಿಯೂರಿ ಒಂದೊಂದಾಗಿ ಕೊಯ್ದಳು. ಕೊಯ್ದ ಬುಡದಿಂದ ನೀರು ಸೋರುತ್ತದೆ, ಹನಿ ಹನಿಯಾಗಿ, ದಿನಗಟ್ಟಲೆ. ಅದು ನಿಂತ ಮೇಲೆ ಸೀಳಿ, ಎರಡು ಚಿಗುರುಕಣ್ಣಿನ ಕಡ್ಡಿ ಇಳಿಸಿ, ಪಟ್ಟಿ ಸುತ್ತಿ, ಮೇಣ ಬಳಿಯಬೇಕು. ಕೊನೆಯ ಹೊತ್ತಿಗೆ ಆಕೆಯ ಮಂಡಿ ಊದಿ ದಿಂಬಾಗಿತ್ತು. ನಾದಿನಿ ಪಕ್ಕದ ಸಾಲಿನಿಂದ ಕೂಗಿದಳು, "ಅತ್ತಿಗೆ, ಇದನ್ನಾದ್ರೂ ಎಲೆ ನೋಡಿ ತಂದಿದ್ದೀಯ ತಾನೆ?"

"ಎಲೆ ನೋಡಿ, ಅದರ ಬೆನ್ನೂ ನೋಡಿ ತಂದಿದ್ದೀನಿ. ನೀನು ಕೈ ಆಡ್ಸು."

ಜೂನ್ ಹೊತ್ತಿಗೆ ಚಿಗುರಿತು. ನೂರ ಎಪ್ಪತ್ತರಷ್ಟು ಹಿಡಿಯಲಿಲ್ಲ, ಅವನ್ನು ಮರುವರ್ಷ ಮತ್ತೆ ಕಟ್ಟಿದಳು. ಬೆರಳಮ್ಮ ಸಾಲಿನ ತುದಿಯಿಂದ ತುದಿಗೆ ನಡೆದು ಎಲೆ ಮಗುಚುತ್ತಾ ಹೋದಳು. ಬೆತ್ತಲೆ ನರ, ಬೆತ್ತಲೆ ನರ, ಬೆತ್ತಲೆ ನರ.

ಆಕೆ ಈಗ ಮತ್ತೆ ಮೂರನೆಯ ಸ್ಟೂಲಿನಲ್ಲಿದ್ದಾಳೆ. ಅವಳು ಕಟ್ಟಿದ ಕಟ್ಟು ಬೇರೆಯವರಿಗೆ ಬರುವುದಿಲ್ಲವಾದ್ದರಿಂದ ಕರೆಯಲೇಬೇಕಾಯಿತು. ಕರವಸ್ತ್ರದ ಆಟ ನಿಂತಿದೆ. ಆ ತೋಟದಲ್ಲಿ ಈಗ ತಾಯಿಬಳ್ಳಿಗಳಿಗೆ ಎಲೆ ಇರುವಾಗಲೇ ದಾರ ಕಟ್ಟುತ್ತಾರೆ, ಅದೇ ನಿಯಮ. ಗೋಡೆಯ ಮೇಲೆ ಬರೆದು ಹಾಕಿದ್ದಾರೆ, ಕೆಳಗೆ ಯಜಮಾನನ ಸಹಿ. ನಿಯಮ ಯಾರದೆಂದು ಬರೆದಿಲ್ಲ. ಆದರೆ ದಾರ ಮಾತ್ರ ನೀಲಿ. ಬೇರೆ ಬಣ್ಣ ತರೋಣವೆಂದು ಮೇಸ್ತ್ರಿ ಒಮ್ಮೆ ಹೇಳಿದಾಗ ಹೆಂಗಸರು ಯಾರೂ ಒಪ್ಪಲಿಲ್ಲ.

ಬೆರಳು ತಪ್ಪದಿದ್ದುದಕ್ಕಾಗಿ ಆಕೆಗೆ ಚಪ್ಪಾಳೆ ಹೊಡೆದವರು ನೂರಾರು ಜನ. ತಪ್ಪಿತು ಎಂದು ಆರು ಜನರೆದುರು ಹೇಳಿದ ದಿನ ಒಬ್ಬರೂ ಹೊಡೆಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವಳು ಮಾಡಿದ ಅತ್ಯಂತ ನುಣುಪಾದ ಕೊಯ್ತ ಅದೇ ಆಗಿತ್ತು.

ನೀವೂ ಎಲ್ಲೋ ಇಂಥದೊಂದು ಸಾಲು ನೆಟ್ಟಿದ್ದೀರಿ. ಗೊತ್ತಿಲ್ಲದ್ದನ್ನು ಗೊತ್ತೆಂದು ಮೇಜಿನ ಮೇಲೆ ಕುಕ್ಕಿ ಹೇಳಿದ್ದೀರಿ. ಅದು ಯಾವುದೆಂದು ಈ ಸಾಲು ಓದುತ್ತಿರುವಾಗಲೇ ನಿಮಗೆ ನೆನಪಾಗಿದೆ. ನಾಳೆ ಮಧ್ಯಾಹ್ನದ ಊಟಕ್ಕೆ ಮೊದಲು, ಅದನ್ನು ಯಾರಿಗೆ ಹೇಳಬೇಕೋ ಅವರ ಮುಂದೆ ಹೋಗಿ ನಿಂತು ಹೇಳಿ. ಆಮೇಲೆ ಗರಗಸವನ್ನು ನಿಮ್ಮ ಕೈಯಲ್ಲೇ ಹಿಡಿಯಿರಿ.